ಕುಗ್ಗದ ಹ್ಯಾಂಡಲ್

ಮನುಷ್ಯನ ನೆನಪನ್ನು ನಂಬಬಾರದು ಎಂದು ನಾನು ಜಮಖಂಡಿಯ ಕಾಲೇಜಿನಲ್ಲಿ ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ ಬಂದವನು. ನೆನಪೆಂದರೆ ಪೆಟ್ಟಿಗೆಯಲ್ಲಿ ಇಟ್ಟ ಫೋಟೋ ಅಲ್ಲ, ಬೇಕೆಂದಾಗಲೆಲ್ಲ ಹೊಸದಾಗಿ ಮಾಡಿಕೊಳ್ಳುವ ಅಡುಗೆ ಎಂದು ಹೇಳಿ, ಹುಡುಗರು ಬರೆದುಕೊಂಡರೋ ಇಲ್ಲವೋ ಎಂದು ನೋಡುತ್ತೇನೆ. ಆದರೆ ಈ ಮಾತು ಉಳಿದವರ ನೆನಪಿಗೆ ಸಂಬಂಧಿಸಿದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಹಾಲು ತರಲು ಹೋಗಿ ಪೇಪರ್ ತಂದ ದಿನ ಹೆಂಡತಿ ಶಾಂತಾ ಒಂದು ಕಿಸೆವಹಿಯನ್ನು ಮುಂದಿಟ್ಟಳು. “ಇನ್ನ ಎಲ್ಲಾ ಇದರಾಗ ಬರಕೋತ ಹೋಗ್ರಿ.” ಪಾಠ ಹೇಳುವವನ ಕೈಗೆ ವಹಿ! ನನಗೆ ಸಿಟ್ಟು ಬಂತು. “ನನ್ನ ಹಳೇ ಸೈಕಲ್ಲಿನ ಹ್ಯಾಂಡಲ್ ಬರೇ ನೆನಪಿನಿಂದ ಮಾಡಿಸಿ ತೋರಸ್ತೇನಿ. ಸರಿ ಬಂತಂದ್ರ ಈ ವಹಿ ಒಲಿಯಾಗ” ಎಂದೆ. “ಬರಲಿಲ್ಲಂದ್ರ ಕಿಸೇದಾಗ” ಎಂದಳು.

ಆ ಸೈಕಲ್ಲಿನ ಬಗ್ಗೆ ಹೇಳಬೇಕು. ಧಾರವಾಡದಲ್ಲಿದ್ದಾಗ ಕೊಂಡದ್ದು, ಬೆಟ್ಟ ಹತ್ತಲೆಂದೇ ಮಾಡಿದ, ದಪ್ಪ ಗಾಲಿಯ, ಬಲಿಷ್ಠ ಜಾತಿಯದು. ನಮ್ಮ ಕಡೆ ಅದರ ಘನತೆಗೆ ತಕ್ಕ ಬೆಟ್ಟ ಸಿಗದೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಮುದಿಯಾಯಿತು. ಹೋದ ವರ್ಷ ಹ್ಯಾಂಡಲ್ ತುಕ್ಕು ಹಿಡಿದು ಮುರಿದಾಗ ತುಂಡುಗಳನ್ನು ಗುಜರಿಗೆ ಹಾಕಿದೆ. ಆಮೇಲೆ ತಿಳಿಯಿತು, ಈಗಿನ ಹ್ಯಾಂಡಲ್‌ಗಳು ಅವನ್ನು ಬಿಗಿಯುವ ಹಳೆಯ ಹಿಡಿಕೆಯೊಳಗೆ ಹೋಗುವುದೇ ಇಲ್ಲ, ಎಲ್ಲವೂ ದಪ್ಪ. ಮಾಡಿಸದೆ ಗತಿಯಿರಲಿಲ್ಲ. ಮುಧೋಳದ ಗೆಳೆಯ ಮಹಾದೇವ, ನನ್ನ ಜೊತೆ ಧಾರವಾಡದಲ್ಲಿ ಓದಿದವನು, ಭಾನುವಾರ ಚಿಕ್ಕಪಡಸಲಗಿಯ ಕೃಷ್ಣಾ ಬ್ಯಾರೇಜಿನವರೆಗೆ ಸೈಕಲ್ ಹೊಡೆಯೋಣವೆಂದು ಬೇರೆ ಹೇಳಿದ್ದ.

ಅಳತೆ ಎಲ್ಲಿಂದ ತರುವುದು? ನನ್ನ ಕೈಗಳಿಂದ. ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಇಲ್ಲದ ಹ್ಯಾಂಡಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದೆ. ತಿರುವಿನಲ್ಲಿ ಸ್ವಲ್ಪ ವಾಲಿಯೂ ನೋಡಿದೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, “ಸರ್‌ಗೆ ಆರಾಮ ಐತೇನ್ರೀ ಅಕ್ಕಾರ?” ಎಂದು ಕೇಳಿ ಹೋದಳು. ಶಾಂತಾ ಬನಹಟ್ಟಿಯ ನೇಕಾರರ ಮಗಳು. ಅವರ ಮನೆಯಲ್ಲಿ ಅಳತೆಯೆಂದರೆ ನೂಲು. ಮುಷ್ಟಿಯಿಂದ ಮುಷ್ಟಿಗೆ ನೂಲು ಹಿಡಿದು, ಇನ್ನೂ ನಾಲ್ಕು ಬೆರಳು ಬಿಟ್ಟು ಗಂಟು ಹಾಕಿದಳು. “ನಾಕ ಬಟ್ಟ ಹೆಚ್ಚಿಟ್ಟೇನಿ, ಕುಗ್ಗತೈತಿ. ಈರಣ್ಣಗ ಹೇಳ್ರಿ, ಮರೀಬ್ಯಾಡ್ರಿ” ಎಂದಳು. ಮರೆಯುವ ಮಾತು ಬಂದದ್ದರಿಂದ ನಾನು ನೂಲು ಕಸಿದುಕೊಂಡು ಎದ್ದೆ.

ಈರಣ್ಣ ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಾನೆ. ಬಸ್ಸಿಳಿದಾಗ ಅವನ ಅಂಗಡಿ ಇನ್ನೂ ತೆರೆದಿರಲಿಲ್ಲ. ನೂಲನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚುತ್ತ, ಎರಡು ಚಹಾ ಕುಡಿದೆ. ಅವನು ಬಂದು ಹಳೇ ಮಗ್ಗಗಳ ರಾಶಿಯಿಂದ ಒಂದು ಕೊಳವೆ ಎಳೆದ; ನಾನು ಸೈಕಲ್ಲಿನಿಂದ ಬಿಚ್ಚಿ ತಂದಿದ್ದ ಹಿಡಿಕೆಗೆ ಅಳೆದು ಮಾಡಿದಂತೆ ಕೂತಿತು. ಅದರೊಳಗೆ ಒಣಗಿಸಿದ ಗಲಗಲಿಯ ಹೊಳೆಮರಳನ್ನು ತುಂಬತೊಡಗಿದಾಗ ಯಾಕೆಂದು ಕೇಳಿದೆ. “ಹೊಟ್ಟಿ ಖಾಲಿ ಇದ್ರ ಬಗ್ಗಸೂವಾಗ ನಡಾ ಚಪ್ಪಟಿ ಆಗತೈತ್ರಿ ಸರ” ಎಂದು ಕೆಂಪಗೆ ಕಾಯಿಸಿ, ಎರಡೂ ತುದಿಗಳನ್ನು ನಾನು ಗಾಳಿಯಲ್ಲಿ ತೋರಿಸಿದಂತೆಯೇ ಬಾಗಿಸಿದ. ಸಂಜೆ ಬಸ್ಸಿನಲ್ಲಿ ಕಂಡಕ್ಟರ್, “ಯಪ್ಪಾ, ಎಮ್ಮಿ ಎಲ್ಲಿ ಬಿಟ್ರಿ, ಬರೇ ಕೋಡು ತಂದೀರಲ್ಲ?” ಎಂದ. ಜನ ನಕ್ಕರು. ಕಲೆಯ ತಿಳಿವಳಿಕೆ ಎಲ್ಲರಿಗೂ ಇರುವುದಿಲ್ಲ ಎಂದು ನಾನು ಕಿಟಕಿಯಾಚೆ ನೋಡಿದೆ.

ಶನಿವಾರ ಹ್ಯಾಂಡಲ್ ಬಿಗಿದು ಸೈಕಲ್ ಹೊರಡಿಸಿದರೆ, ನಮ್ಮ ಕಾಂಪೌಂಡಿನ ಗೇಟಿನಲ್ಲಿ ಅದು ಅಡ್ಡ ನಿಂತಿತು. ಎಡಗೋಡು ಹೊರಗೆ ಹೋದರೆ ಬಲಗೋಡು ಒಳಗೆ. ಶಾಂತಾ ಸೆರಗು ಬಾಯಿಗೆ ಹಿಡಿದಳು. ನಾನು ಈರಣ್ಣನಿಗೆ ಫೋನ್ ಹಚ್ಚಿ, ಆಕೆಗೂ ಕೇಳುವಂತೆ ಇಟ್ಟೆ.

“ಅಳತಿಗಿಂತ ಹೆಚ್ಚ ಬಿಟ್ಟಿಯೇನೋ?”

“ನಾಕ ಬಟ್ಟ ಬಿಟ್ಟೇನ್ರಿ. ಕುಗ್ಗಿದ್ರ?”

“ಕಬ್ಬಿಣ ಎಲ್ಲಿ ಕುಗ್ಗತೈತಿ ಮಾರಾಯಾ? ಅದೂ ಶಾಂತಾ ಮೊದಲ ನಾಕ ಬಟ್ಟ ಬಿಟ್ಟಾಳಲ್ಲ!”

“ನಮ್ಮೂರಾಗ ಮಗ್ಗದಿಂದ ಇಳದದ್ದೆಲ್ಲಾ ಕುಗ್ಗತೈತ್ರಿ. ಅಕ್ಕಾರ ಮೊದಲ ಬಿಟ್ಟಾರಂತ ನೀವ್ ಹೇಳಲೇ ಇಲ್ಲಲ್ರಿ?”

“ಹೇಳೇನಿ!” ಎಂದು ಗುಡುಗಿದೆ. ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅವನು ತಲೆಯಾಡಿಸಿದ್ದು ಸಹ. ಫೋನ್ ಇಟ್ಟು ತೀರ್ಪು ಕೊಟ್ಟೆ: “ನೀ ನಾಕು, ಅಂವ ನಾಕು. ತಪ್ಪು ನಿಮ್ಮ ನೇಕಾರರದು. ನನ್ನ ನೆನಪು ಖರೆ ಐತಿ. ವಹಿ ತಾ, ಒಲಿ ಹಚ್ಚು.”

ಶಾಂತಾ ವಹಿ ತರಲಿಲ್ಲ. ಹ್ಯಾಂಡಲ್ಲಿಗೆ ಸುತ್ತಿ ತಂದಿದ್ದ ನೂಲನ್ನು ಬಿಚ್ಚಿ ಬೆರಳಾಡಿಸಿದಳು. “ಇದರಾಗ ಎರಡು ಗಂಟ ಅದಾವು. ನಾ ಹಾಕಿದ್ದು ಒಂದ.” ಮೊದಲನೆಯದು ನೇಕಾರರ ಗಂಟು. ಮಗ್ಗದ ಹಣಿಗೆಯ ಸಂದಿನಲ್ಲಿ ತಡೆಯದೆ ದಾಟಬೇಕಾದದ್ದು, ಸಾಸಿವೆಯಷ್ಟು. ಈರಣ್ಣ ಹಾಕಿದರೂ ಅಷ್ಟೇ ಇರುತ್ತದೆ. ಅದರಿಂದ ಸರಿಯಾಗಿ ನಾಲ್ಕು ಬೆರಳಿನಾಚೆ ಇನ್ನೊಂದಿತ್ತು. ದಪ್ಪ, ಸೊಟ್ಟ, ಎಳೆದಷ್ಟೂ ಬಿಗಿಯಾಗುವಂಥದು. ಶಾಂತಾ ಅದನ್ನು ನನ್ನ ಮೂಗಿನ ಮುಂದೆ ಹಿಡಿದಳು. “ದಿನಾ ರಾತ್ರಿ ಪಾಯಿಜಾಮಾದ ಲಾಡಿ ಕತ್ತರಿಯಿಂದ ಕತ್ತರಸ್ತೇನಲ್ಲ, ಈ ಗಂಟ ನಂಗ ಗುರ್ತ ಇಲ್ಲೇನ್ರಿ?”

ಕುಗ್ಗುವ ಹೆದರಿಕೆ ನೇಕಾರರ ಮನೆಯ ಅಳಿಯನಾದ ನನಗೂ ಹತ್ತಿತ್ತು! ಎರಡು ಚಹಾಗಳ ನಡುವೆ ಎಲ್ಲೋ, ಇನ್ನೂ ನಾಲ್ಕು ಬೆರಳು ಬಿಟ್ಟು, ನಾನೇ ಹಾಕಿರಬೇಕು. ಹಾಕಿದ ನೆನಪು ಇಂದಿಗೂ ಇಲ್ಲ. ಈರಣ್ಣ ತಲೆಯಾಡಿಸಿದ ಚಿತ್ರ ಮಾತ್ರ ಹಾಗೇ ಇದೆ, ಅವನ ಹಣೆಯ ಬೆವರಿನ ಸಮೇತ.

ವಹಿ ಕಿಸೆಗೆ ಬಂತು. ಹೆಚ್ಚಾದ ಹನ್ನೆರಡು ಬೆರಳಿನ ಲೆಕ್ಕವನ್ನು ಶಾಂತಾ ಅದರ ಮೊದಲ ಪುಟದಲ್ಲಿ ನನ್ನ ಕೈಯಿಂದಲೇ ಬರೆಸಿದಳು. ಭಾನುವಾರ ಬೆಳಿಗ್ಗೆ ಇಕ್ಕಟ್ಟಾದ ಕೊಟ್ಟಿಗೆಗೆ ಎಮ್ಮೆ ನುಗ್ಗಿಸುವಂತೆ ಒಂದು ಕೋಡು ಮುಂದೆ ಮಾಡಿ ಸೈಕಲ್ಲನ್ನು ಗೇಟು ದಾಟಿಸಿದೆ. ಆದರೆ ಸವಾರಿ ಏನು ಹೇಳಲಿ! ಕೃಷ್ಣೆಯನ್ನೇ ಅಪ್ಪಿಕೊಳ್ಳಲು ಹೊರಟವನಂತೆ ತೋಳು ಚಾಚಿ ಹೋಗುತ್ತಿದ್ದರೆ, ಕಬ್ಬಿನ ಟ್ರ್ಯಾಕ್ಟರ್ ಕೂಡ ಬದಿಗೆ ಸರಿದು ದಾರಿ ಬಿಟ್ಟಿತು. ಎರಡೂ ತುದಿ ಕೊಯ್ದು ಕೊಡುತ್ತೇನೆಂದು ಈರಣ್ಣ ಕರೆಯುತ್ತಲೇ ಇದ್ದಾನೆ. ನಾನು ಒಪ್ಪಿಲ್ಲ.

ಬ್ಯಾರೇಜಿನ ಮೇಲೆ ಮಹಾದೇವ ಸೈಕಲ್ ನಿಲ್ಲಿಸಿ ನೋಡಿದ. “ಲೇ, ಧಾರವಾಡದಾಗ ಇದು ಇಷ್ಟ ಅಗಲ ಇತ್ತೇನಲೇ?”

“ಇಷ್ಟೇ ಇತ್ತು. ನಿನಗ ಮರವು” ಎಂದೆ.

ಅವನು ಸ್ವಲ್ಪ ಯೋಚಿಸಿ, “ಇತ್ತ ಬಿಡು, ಖರೆ” ಎಂದು ಒಪ್ಪಿಕೊಂಡ. ನಾಲ್ಕು ದಿನ ಕಳೆಯುವುದರೊಳಗೆ ನನಗೂ ಹಾಗೆಯೇ ನೆನಪಾಗತೊಡಗಿದೆ. ಕಿಸೆಯ ವಹಿಯಲ್ಲಿ ಮಾತ್ರ, ನನ್ನದೇ ಅಕ್ಷರದಲ್ಲಿ, ಬೇರೆ ಏನೋ ಬರೆದಿದೆ.