ದಮ್ಮು ಹತ್ತಿದವರು

ತಪ್ಪೆಲ್ಲ ‘ದಮ್ಮು’ ಎಂಬ ಒಂದು ಮಾತಿನದು.

ಮಂಡ್ಯದ ಕಡೆಯ ವಿರುಪಾಕ್ಷಪ್ಪ ನಿಪ್ಪಾಣಿ ಬಳಿಯ ಅಕ್ಕೋಳಕ್ಕೆ ಬಂದು, ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರು ತಮ್ಮ ಆರೋಗ್ಯದ ಬಗ್ಗೆ ಆಡಿದ ಮಾತುಗಳನ್ನು ಬರೆದುಕೊಂಡು ಹೋಗಿದ್ದ. ಅವನ ಪ್ರಬಂಧ ಓದಿದ ಗುರುಗಳು, “ಇದನ್ನು ಹೇಳಿದವರ ಮುಂದೆಯೇ ಓದು. ‘ಹೌದು, ನಾನು ಹೇಳಿದ್ದು ಇದೇ’ ಎಂದು ಅವರು ಒಪ್ಪಿದರಷ್ಟೇ ನಿನಗೆ ಪದವಿ” ಎಂದು ಮರಳಿ ಅಟ್ಟಿದರು.

ಹಾಗೆ ಹೇಳಿದವರಲ್ಲಿ ಒಬ್ಬಳಾದ ತುಳಸವ್ವನ ಪಡಸಾಲೆಯಲ್ಲಿ ಚಹಾ ಕುಡಿದು, ದೇವರನ್ನು ನೆನೆದು ಆತ ಓದತೊಡಗಿದ: “ಸೊಸೆ ಶೇವಂತಾಳಿಗೆ ದಮ್ಮು ಎಳೆಯುವ ಚಟ ಹತ್ತಿದೆ.”

ತುಳಸವ್ವನ ಕೈಯಲ್ಲಿದ್ದ ತಂಬಾಕಿನ ಮೊರ ಕೆಳಗೆ ಬಿತ್ತು. “ಏನಂದ್ರಿ? ಶೇವಂತಾ, ಕಟ್ಟೂದು ಬಿಟ್ಟು ಸೇದೂದು ಚಾಲೂ ಮಾಡೀಯೇನ?”

“ಇಲ್ರಿ ಅತ್ತಿ! ದಮ್ಮ ಹತ್ತೈತಿ ಅಂದಿದ್ದೆ. ಉಸರ ಸಿಗವಲ್ದು ಅಂತ!”

ನೆರೆಮನೆಯ ಮಲಕವ್ವ ಗೋಡೆಯ ಮೇಲಿಂದ ಬೆಕ್ಕಿನಂತೆ ಇಣುಕಿದಳು. “ಹಿತ್ತಲದಾಗ ದಿನಾ ಹೊಗಿ ಯಾಕ ಏಳತೈತಿ ಅಂತ ಈಗ ತಿಳೀತ ನೋಡ!”

“ಉಬ್ಬಸಕ್ಕೂ ದಮ್ಮು ಅಂತೀರಾ ನೀವು?” ವಿರುಪಾಕ್ಷಪ್ಪ ಬಿಸಿಲಿಗಿಟ್ಟ ಹಪ್ಪಳದಂತೆ ಮುರುಟಿಕೊಂಡ.

“ಮತ್ತೇನಂತಾರ್ರಿ? ಮನಿ ಮಾನ ಕಳೀತಿದ್ರಲ್ರಿ ಸರ!” ಎಂದು ತುಳಸವ್ವ ಗದರಿದಳು.

ಆತ ‘ಚಟ’ ಎಂದಿದ್ದ ಕಡೆಯೆಲ್ಲ ‘ಉಬ್ಬಸ’ ಎಂದು ತಿದ್ದಿ ಮತ್ತೆ ಓದಿದ. ಶೇವಂತಾ ಒಪ್ಪಿದಳು. “ತುಳಸವ್ವನಿಗೂ ಬಹುಕಾಲದಿಂದ ಉಬ್ಬಸ” ಎಂದು ಓದಿದಾಗ ತುಳಸವ್ವ ಓಣಿಗೆಲ್ಲ ಕೇಳುವಂತೆ, “ಹೌದ್ರಿ, ಹಿಂಗ ಹೇಳೀನಿ” ಎಂದಳು.

ಸೊಸೆ ಮರುಗಿದಳು. “ಅತ್ತಿ, ಇನ್ನ ಹಿತ್ತಲಕ ಒಬ್ಬರ ಹೋಗಬ್ಯಾಡ್ರಿ. ಉಸರ ಕಟ್ಟಿದ್ರ? ನಾ ಸಂಗಾಟ ಬರತೀನಿ.”

ಪದವಿ ಕೈಗೆ ಬಂತೆಂದೇ ತಿಳಿದು ವಿರುಪಾಕ್ಷಪ್ಪ ಹಿಗ್ಗುತ್ತ ನಿಪ್ಪಾಣಿ ಬಸ್ಸಿನ ದಾರಿ ಹಿಡಿದ. ಹಿಂದೆಯೇ ತುಳಸವ್ವ ಬಿರಬಿರನೆ ಬಂದಳು.

“ಸರ, ಕಡ್ಡಿಪೆಟ್ಟಿಗಿ ಐತೇನ್ರಿ?” ಎನ್ನುತ್ತ ಸೆರಗಿನ ಗಂಟಿನಿಂದ ಬೀಡಿ ತೆಗೆದಳು. “ಸೊಸೀದು ಬ್ಯಾನಿ ಖರೇ. ನಂದು ಮಾತ್ರ ನೀವು ಮೊದಲ ‘ಚಟ’ ಅಂತ ಬರದದ್ದ ಖರೇ ಇತ್ತ ನೋಡ್ರಿ.”

“ಹಂಗಾದ್ರೆ ನಿಮ್ದನ್ನ ಮತ್ತೆ ತಿದ್ತೀನಿ ಅಜ್ಜಿ. ‘ಹೌದು’ ಅನ್ನಿ, ಸಾಕು!”

“ಶಿವ ಶಿವಾ! ಯಾರರ ಬಂದು ಕೇಳಿದ್ರ ಉಬ್ಬಸ ಅಂತನ ಹೇಳಾಕಿ ನಾ.”

“ಮತ್ತೆ ನಾನೇನು ಬರೀಲಿ?”

ತುಳಸವ್ವ ನೆಮ್ಮದಿಯಿಂದ ಒಂದು ದಮ್ಮು ಎಳೆದು ಹೊಗೆ ಬಿಟ್ಟಳು.

“ಖರೇನ ಬರೀರಿ. ಕೆಳಗ, ‘ಇದನ್ನ ತುಳಸವ್ವ ಹೇಳಿಲ್ಲ’ ಅಂತ ಬರೀರಿ. ಅದಕ್ಕ ಬೇಕಾದ್ರ ಹೆಬ್ಬಟ್ಟ ಒತ್ತತೀನಿ.”