ನಾನು ಮಡಚಿದ ಬಿಳಿ ಗೂಳಿ

ಬಿಳಿ ಕಾಗದ ಮಡಚಿ ಗೂಳಿ ಮಾಡುವುದನ್ನು ಫೋನಿನ ವಿಡಿಯೊದಲ್ಲಿ ಒಬ್ಬ ಹುಡುಗಿ ನಗುನಗುತ್ತಾ ತೋರಿಸಿದಳು. ಅವಳಿಗೆ ಹತ್ತು ನಿಮಿಷ ಹಿಡಿಯಿತು. ದಿನಾ ಇಪ್ಪತ್ತು ಚಪಾತಿ ಮಡಚಿ ಲಟ್ಟಿಸುವ ನನಗೆ ಐದು ಸಾಕು ಎಂದುಕೊಂಡೆ!

ಕಾರಣವೂ ಸಣ್ಣದಲ್ಲ. ಕಾಂಗೇಯಂನಲ್ಲಿ ನಾದಿನಿಯ ಮನೆ. ಅವಳ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಕೂರಬೇಕಾದದ್ದು ಸೋದರಮಾವನ ಮಡಿಲಲ್ಲಿ, ಅಂದರೆ ನಮ್ಮ ಯಜಮಾನರ ಮಡಿಲಲ್ಲಿ. ಸೋದರಮಾವ ತರುವ ಉಡುಗೊರೆಯ, ಅಂದರೆ ಸೀರಿನ ತಟ್ಟೆಗಳೂ ನಮ್ಮವೇ. ಹಣ್ಣು, ಬಳೆ, ಬಟ್ಟೆ ಎಲ್ಲರೂ ಇಡುತ್ತಾರೆ. ನಡುವಿನ ತಟ್ಟೆಯಲ್ಲಿ ಆ ಊರಿಗೇ ಹೆಸರು ತಂದ ಕಾಂಗೇಯಂ ಗೂಳಿಯೇ ನಿಂತರೆ? ನೆಂಟರೆಲ್ಲ ಮೂಗಿನ ಮೇಲೆ ಬೆರಳಿಡಬೇಕು!

ಬೀರುವಿನ ಹಿಂದೆ ದಪ್ಪ ಬಿಳಿ ಕಾಗದದ ಸುರುಳಿ ಸಿಕ್ಕಿತು. ದೇವರೇ ಕಳಿಸಿದ್ದೆಂದು ಕೈಮುಗಿದೆ. ಒಳಬದಿಯಲ್ಲಿ ಏನೋ ಪೆನ್ಸಿಲ್ ಗೀಟುಗಳಿದ್ದವು, ಹೇಗೂ ಗೂಳಿಯ ಹೊಟ್ಟೆಯೊಳಗೆ ಮುಚ್ಚಿಹೋಗುತ್ತವೆ ಎಂದುಕೊಂಡೆ. ಆದರೆ ಕೊಂಬಿನ ಬಳಿ ಎರಡು ಕಡೆ ಕತ್ತರಿಸಬೇಕಿತ್ತು, ಮನೆಯ ಕತ್ತರಿ ಮಾಯ! "ಮುರುಗಾ, ಒಂದು ಕತ್ತರಿ ತೋರಿಸೋದಕ್ಕೂ ನಿನ್ನ ಕೈಲಿ ಆಗಲ್ವಾ?" ಎಂದು ದೇವರ ಪಟದ ಮುಂದೆ ಜಗಳವಾಡಿ, ಕತ್ತರಿಸಬೇಕಾದಲ್ಲೂ ಮಡಚಿಬಿಟ್ಟೆ. ಐದು ನಿಮಿಷದ ಕೆಲಸ ಐದು ಗಂಟೆ ನುಂಗಿತು. ಮೂರು ಕಾಲು ನೆಲಕ್ಕೆ ತಾಗಿದವು. ನಾಲ್ಕನೆಯದಕ್ಕೆ ನಿಂಬೆಹಣ್ಣಿನ ಆಸರೆ ಕೊಟ್ಟೆ.

ನಾದಿನಿಯ ಮನೆಯಲ್ಲಿ ಯಜಮಾನರ ದೊಡ್ಡತ್ತೆ, ಕಣ್ಣು ಮಂಜಾದವರು, ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿದರು.

"ಆಡು ಯಾಕೆ ತಂದೆ ಅಮ್ಮಣಿ?"

"ಆಡಲ್ಲ ಅತ್ತೆ, ಗೂಳಿ!"

"ಗೂಳಿಯಾ? ಪಾಪ, ಮೇವೇ ಹಾಕಿಲ್ವಾ ಅದಕ್ಕೆ?"

ಅಷ್ಟರಲ್ಲಿ ಯಜಮಾನರಿಗೆ ಕೆಲಸದ ಕಡೆಯಿಂದ ಫೋನು ಬಂತು. ಅವರು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಮಾತು ಮುಗಿಸುವಷ್ಟರಲ್ಲಿ ಅವರ ಮುಖ ನನ್ನ ಗೂಳಿಗಿಂತ ಬೆಳ್ಳಗಾಗಿತ್ತು.

"ಸರೋಜಾ, ಬೀರು ಹಿಂದೆ ಪೇಪರ್ ಸುರುಳಿ ಇತ್ತಲ್ಲಾ? ಅದರ ಒಳಗಡೆ ಹೊಸ ಬನಿಯನ್ ಪ್ಯಾಟರ್ನು ಬರೆದಿಟ್ಟಿದ್ದೆ. ಮೂರು ದಿನದ ಕೆಲಸ. ಸಾಯಂಕಾಲವೇ ಕಟಿಂಗ್ ಅಂತೆ. ಅದು ಇಲ್ದೆ ಹೋದ್ರೆ ಓನರ್ ನನ್ನೂ ಬರಬೇಡ ಅಂತಾರೆ."

ನಾನು ಗೂಳಿಯ ಕಡೆ ನೋಡಿದೆ. ಅವರೂ ನೋಡಿದರು. ಅದರ ಹೊಟ್ಟೆಯ ಸಂದಿಯಲ್ಲಿ ಪೆನ್ಸಿಲ್ ಗೆರೆ ಇಣುಕುತ್ತಿತ್ತು!

"ಕತ್ತರಿ ಹಾಕಿದ್ಯಾ?"

"ಇಲ್ಲ... ಸಿಕ್ಕಲೇ ಇಲ್ಲ."

"ಕತ್ತರೀನ ನಾನೇ ಕಂಪನಿಗೆ ತಗೊಂಡು ಹೋಗಿ ಅಲ್ಲೇ ಮರೆತಿದ್ದೆ!" ಎಂದು ಅವರು ಗೋಡೆಗೆ ಒರಗಿ ಉಸಿರು ಬಿಟ್ಟರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರ ಮರೆವಿಗೆ ನಾನು ಕೃತಜ್ಞಳಾದದ್ದು ಅದೇ ಮೊದಲು.

ನೆಂಟರೆಲ್ಲರ ಸಮ್ಮುಖದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಕೊಂಬು ಬಿಚ್ಚಿದೆವು. ಡುಬ್ಬ ಬಿಚ್ಚಿದೆವು. ಬಾಲ ಬಿಚ್ಚಿದೆವು. ಗೂಳಿ ಹೋಗಿ ಬನಿಯನ್ ಬಂತು! ನಾದಿನಿ ನಗು ತಡೆಯುತ್ತಾ ಇಸ್ತ್ರಿ ಪೆಟ್ಟಿಗೆ ತಂದಳು. ಒಂದು ಗೆರೆಯೂ ಕೆಟ್ಟಿರಲಿಲ್ಲ. ಮಗು ಮಾವನ ಮಡಿಲಲ್ಲಿ ಕೂತು ಅತ್ತಿತು. ಯಾರೂ ಕಿವಿ ಚುಚ್ಚದಿದ್ದರೂ ನಾನೂ ಅತ್ತೆ. ಶಾಸ್ತ್ರ ಮುಗಿದದ್ದೇ ತಡ, ಯಜಮಾನರು ಸುರುಳಿಯನ್ನು ಎದೆಗವುಚಿಕೊಂಡು ತಿರುಪ್ಪೂರು ಬಸ್ಸು ಹತ್ತಿದರು. ಕೆಲಸ ಉಳಿಯಿತು. ಕೇಳಿದ ಕತ್ತರಿ ಕೊಡದ ಮುರುಗನಿಗೆ ತಪ್ಪೊಪ್ಪಿಕೊಂಡು ಕರ್ಪೂರ ಹಚ್ಚಿದೆ.

ನಡುವಿನ ತಟ್ಟೆ ಬರಿದಾಗಿ ಕಾಣುತ್ತಿತ್ತು. ಅದರಲ್ಲಿ ಒಂದು ಜುಟ್ಟಿನ ತೆಂಗಿನಕಾಯಿ ಇಟ್ಟೆ. ದೊಡ್ಡತ್ತೆ ಮತ್ತೆ ಬಗ್ಗಿ ನೋಡಿದರು. ಮುಖ ಅರಳಿತು.

"ಈಗ ನೋಡು ಅಮ್ಮಣಿ, ಈಗ ಥೇಟ್ ಗೂಳಿ ಹಾಗೇ ಇದೆ!"

ನಾನು ಅದಕ್ಕೂ ಕೈಮುಗಿದೆ.