ಅಳಿಯ ಕೊರೆದ ಬೋರ್ಡು

"ಬೋರ್ಡು ಹೊರಗೆ ಯಾಕೆ ಕೊಡ್ತೀರಾ ಮಾವ? ನಾನೇ ಮಾಡ್ಕೊಡ್ತೀನಿ ಬಿಡಿ" ಎಂದು ಅಳಿಯ ಊಟದ ನಡುವೆ ಅಂದದ್ದು ಬರೀ ಬಾಯಿಮಾತಿಗೆ. ಆ ಗಳಿಗೆಯಲ್ಲಿ ಬಾಯಿತುಂಬ ತುತ್ತಿದ್ದಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆದರೆ ಆ ಮಾತು ಎಲ್ಲಿಗೂ ಹೋಗಲಿಲ್ಲ. ನೇರವಾಗಿ ಮಾವನ ಕಿವಿಗೆ ಹೋಗಿ ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಿತು.

ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ಬೇರೆಯವರು ತೀರ್ಪು ಕೊಡುವುದನ್ನು ಕೆಳಗೆ ಕೂತು ಕೇಳಿದ್ದ ಅವರಿಗೆ, ತಾವೂ ಒಂದು ತೀರ್ಪು ಕೊಡದೆ ಕಣ್ಣು ಮುಚ್ಚಬಾರದೆಂಬ ಆಸೆ. ಹಾಗಾಗಿ ಕಟ್ಟಡದ ಕೆಳಗಿನ ತಮ್ಮ ಮನೆಯ ಮುಂಗೋಣೆಗೆ ಎರಡು ಬೆಂಚು, ಒಂದು ಎತ್ತರದ ಕುರ್ಚಿ ತರಿಸಿ, ಮಂದಿಯ ಜಗಳಗಳನ್ನು ಮಾತಿನಲ್ಲೇ ಬಗೆಹರಿಸಿಕೊಡುವ ಕಚೇರಿ ತೆರೆಯಲು ಹೊರಟಿದ್ದರು. ಭಾನುವಾರ ಸಂಜೆ ಶುರು. ಬೋರ್ಡಿನ ಮೇಲೆ ಏನಿರಬೇಕೆಂದು ಅವರೇ ಹೇಳಿದ್ದರು: ದೊಡ್ಡದಾಗಿ 'ಮಧ್ಯಸ್ಥರು', ಅದರ ಕೆಳಗೆ 'ಸಂಜೆಯ ಮೇಲೆ ಸಿಗುತ್ತಾರೆ. ಎಲ್ಲರಿಗೂ ಸ್ವಾಗತ'.

ಅಳಿಯ ಇದ್ದದ್ದು ಅದೇ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಲಸ ಕನ್ನಡಕದ ಅಂಗಡಿಯಲ್ಲಿ. ಚಟ ಮಾತ್ರ ಮನೆಯ ಹಿಂಗೋಣೆಯಲ್ಲಿ. ಅಲ್ಲಿ ಅವನು ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಒಂದು ಯಂತ್ರವನ್ನು ಬಿಡಿಭಾಗ ಕೂಡಿಸಿ ಕೂಡಿಸಿ ಕಟ್ಟಿದ್ದ. ಹಳೆಯ ಮೋಟರು ಗಟ್ಟಿ ಮರ ಕಂಡರೆ ಉಸಿರು ಬಿಡುತ್ತಿತ್ತು. ಈಗ ಕೊರೆಯುವ ಉಳಿಯನ್ನು ತಿರುಗಿಸಲು ಹೊಸ ಸ್ಪಿಂಡಲ್ ಮೋಟರು ಬಂದಿತ್ತು. ಜೊತೆಗೆ ಅದರ ವೇಗವನ್ನು ಏರಿಸಿ ಇಳಿಸುವ ಡ್ರೈವ್ ಎಂಬ ಕರಿ ಡಬ್ಬಿ. ಕಂಪ್ಯೂಟರಿನ ಮಾತನ್ನು ಕಂಟ್ರೋಲರ್ ಕಾರ್ಡು ಕೇಳಬೇಕು, ಕಾರ್ಡಿನ ಮಾತನ್ನು ಡ್ರೈವ್ ಕೇಳಬೇಕು, ಡ್ರೈವಿನ ಮಾತನ್ನು ಮೋಟರು ಕೇಳಬೇಕು. ನಡುವೆ ಎರಡು ವೈರು ಸೇರಿಸಿದರೆ ಮುಗಿಯಿತು. ಹಾಗೆಂದು ಅಳಿಯ ನಂಬಿದ್ದ.

ಭಾನುವಾರ ಬೆಳಿಗ್ಗೆ ಎರಡೂ ವೈರು ಸೇರಿಸಿ, ಗುಂಡಿ ಒತ್ತಿದ. ಕಂಪ್ಯೂಟರಿನಲ್ಲಿ 'ತಿರುಗು' ಎಂದು ಬರೆದ. ಡ್ರೈವ್ ಕೆಂಪು ಕಣ್ಣು ಬಿಟ್ಟುಕೊಂಡು ಸೊನ್ನೆ ತೋರಿಸುತ್ತ ಕೂತಿತು. ಇನ್ನೊಮ್ಮೆ ಬರೆದ. ಅದು ಹಬೆಯಾಡುವ ಕಾಫಿ ಎದುರಿಗಿಟ್ಟರೂ ಕಣ್ಣೆತ್ತದ ಗುಮಾಸ್ತನ ಹಾಗೆ ಇದ್ದಲ್ಲೇ ಇತ್ತು.

"ಏನ್ರೀ, ಶುರುವಾಯ್ತಾ?" ಎಂದು ಹೆಂಡತಿ ಬಾಗಿಲಿಗೆ ಬಂದಳು.

"ನನ್ನ ಮಾತೇ ಕೇಳ್ತಿಲ್ಲ ಕಣೇ."

"ಈ ಮನೇಗೆ ಬಂದು ಒಂದು ದಿನವೂ ಆಗಿಲ್ಲ, ಅದಕ್ಕೂ ಗೊತ್ತಾಗೋಯ್ತಾ?" ಎಂದು ಅವಳು ಒಳಗೆ ಹೋದಳು.

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಲೈನ್‌ಮನ್ ಅಣ್ಣ ಇಳಿದು ಬಂದರು. ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ಹತ್ತಿ ನಿವೃತ್ತರಾದವರು. ಕರೆಂಟಿನ ವಿಷಯವೆಂದರೆ ಕರೆಯದೆ ಬರುವವರು, ಕಳಿಸಿದರೂ ಹೋಗದವರು. ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ.

"ಏನಪ್ಪಾ ಇದು, ಇಷ್ಟು ಸಣ್ಣ ವೈರು? ಇದರಲ್ಲಿ ಎಷ್ಟು ಕರೆಂಟ್ ಬರುತ್ತೆ?"

"ಅದು ಕರೆಂಟ್ ಕೊಡೋ ವೈರಲ್ಲ ಅಣ್ಣ, ಬರೀ ಸನ್ನೆ ಮಾಡೋದು. ಸೊನ್ನೆಯಿಂದ ಹತ್ತು ವೋಲ್ಟ್. ಐದು ಕೊಟ್ರೆ ಅರ್ಧ ವೇಗ, ಹತ್ತು ಕೊಟ್ರೆ ಪೂರ್ತಿ."

"ಹತ್ತು ವೋಲ್ಟಾ!" ಲೈನ್‌ಮನ್ ಅಣ್ಣ ನಕ್ಕರು. "ಹನ್ನೊಂದು ಸಾವಿರ ವೋಲ್ಟಿನ ಪಕ್ಕ ಕೂತು ಬುತ್ತಿ ಬಿಚ್ಚಿದೋನು ನಾನು. ಸರಿ, ಸರಿ ಈ ಕಡೆ."

ಅಳಿಯ ಬೇಡವೆನ್ನುವಷ್ಟರಲ್ಲಿ ಡ್ರೈವಿನದೇ ಹತ್ತು ವೋಲ್ಟಿನ ತಿರುಪಿನಿಂದ ವೇಗದ ತಿರುಪಿಗೆ ನೇರವಾಗಿ ಒಂದು ತುಂಡು ವೈರು ಸಿಕ್ಕಿಸಿಬಿಟ್ಟಿದ್ದರು. ಇತ್ತ ಅಳಿಯನೂ ಕೈಪಿಡಿ ತಿರುವಿ, 'ಇನ್ನು ಮೇಲೆ ನಿನ್ನ ಮೈಮೇಲಿನ ಗುಂಡಿಗಳ ಮಾತು ಬಿಟ್ಟು ಹೊರಗಿನ ವೈರಿನ ಮಾತು ಕೇಳು' ಎಂದು ಡ್ರೈವಿಗೆ ತಿಳಿಸುವ ಸೆಟ್ಟಿಂಗನ್ನು ಪತ್ತೆಹಚ್ಚಿ ಒತ್ತಿದ. ಎರಡೂ ಒಂದೇ ಗಳಿಗೆಯಲ್ಲಿ ಆಯಿತು.

ಮೋಟರು ಒಂದೇ ಏಟಿಗೆ ಪೂರ್ತಿ ವೇಗಕ್ಕೆ ಏರಿ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಚೀರಿತು. ಯಂತ್ರದ ಮೇಜಿನಲ್ಲಿ ತಿಂಗಳಿಂದ ಕೂಡಿದ್ದ ಮರದ ಪುಡಿಯೆಲ್ಲ ಎದ್ದು ಲೈನ್‌ಮನ್ ಅಣ್ಣನ ತಲೆ, ಹುಬ್ಬು, ಮೀಸೆಯ ಮೇಲೆ ಸಮನಾಗಿ ಹಂಚಿಹೋಯಿತು. ಅಳಿಯ ಪ್ಲಗ್ ಕಿತ್ತ, ಜೊತೆಗೆ ಆ ತುಂಡು ವೈರನ್ನೂ.

"ನೋಡಿದ್ಯಾ, ಓಡ್ತು!" ಎಂದರು ಲೈನ್‌ಮನ್ ಅಣ್ಣ, ಕೆಮ್ಮುತ್ತ.

ಮೋಟರು ನಿಂತ ಮೇಲೆ ಹೊರಗಿನ ಮೊಗಸಾಲೆಯಲ್ಲಿ ಯಾರೋ ಜಗಳವಾಡುವುದು ಕೇಳಿಸಿತು. ಎದುರುಮನೆ ದೊಡ್ಡಮ್ಮ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಟೈಲರ್‌ನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ಬೆಲ್ ಒತ್ತಿ ಓಡಿ ಹೋಗೋ ವಯಸ್ಸೇನೋ ನಿಂದು?"

"ಅಯ್ಯೋ ದೊಡ್ಡಮ್ಮ, ನನ್ನ ಮನೆ ಬೆಲ್ಲೂ ಹೊಡ್ಕೊಳ್ತು. ನೀವೇ ಒತ್ತಿದ್ದು ಅಂದ್ಕೊಂಡೆ!"

ಆ ಕಟ್ಟಡದಲ್ಲಿ ಎಲ್ಲರ ಮನೆಗೂ ವೈರಿಲ್ಲದ ಕರೆಗಂಟೆ. ಮೋಟರು ತಿರುಗಿದಾಗ ಅದರ ವೈರಿನಿಂದ ಹೊರಟ ಗದ್ದಲ ಗಾಳಿಯಲ್ಲೇ ಹೋಗಿ ಗಂಟೆಗಳನ್ನೆಲ್ಲ ಬಡಿಸಿತ್ತು. ಇದು ಅಳಿಯನಿಗೆ ಕೂಡಲೇ ಹೊಳೆಯಿತು. ಹೊಳೆದದ್ದನ್ನು ಬಾಯಿಬಿಟ್ಟು ಹೇಳಬಾರದೆಂಬುದೂ ಹೊಳೆಯಿತು. ಆದರೆ ಪಕ್ಕದಲ್ಲಿ ಲೈನ್‌ಮನ್ ಅಣ್ಣ ಇದ್ದರಲ್ಲ.

"ಬೈಬೇಡಿ, ಬೈಬೇಡಿ!" ಎಂದು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಅವರು ಹೊರಗೆ ಹೋಗಿ ಕೂಗಿದರು. "ನಿಮ್ಮ ಬೆಲ್ ಹೊಡೀತಿರೋದು ನಮ್ಮ ಮೋಟರು!"

ಮಧ್ಯಾಹ್ನದ ತನಕ ಅಳಿಯನ ಹಿಂಗೋಣೆ ಸಂತೆಯಾಯಿತು. ಮೋಟರು ತಿರುಗಿದಾಗಲೆಲ್ಲ ಗಂಟೆ ಬಡಿಯುತ್ತಿತ್ತು. ಗಂಟೆ ಬಡಿದಾಗಲೆಲ್ಲ ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಬಾಗಿಲು ತೆಗೆಯುತ್ತಿದ್ದರು. ತಾಪತ್ರಯ ಅವರೊಬ್ಬರದೇ ಅಲ್ಲ. ಅದೇ ಗದ್ದಲ ಪಕ್ಕದ ಸಣ್ಣ ವೈರಿಗೂ ಅಂಟಿ, ಯಂತ್ರ ಇನ್ನೂ ಮೇಜಿನ ಅಂಚು ಮುಟ್ಟುವ ಮೊದಲೇ 'ಅಂಚಿಗೆ ಬಡಿದೆ' ಎಂದು ಭ್ರಮಿಸಿ ನಿಂತುಬಿಡುತ್ತಿತ್ತು. ಅಳಿಯ ಮೋಟರಿನ ವೈರನ್ನು ಒಂದು ಗೋಡೆಗೂ ಸಣ್ಣ ವೈರನ್ನು ಎದುರು ಗೋಡೆಗೂ ಸರಿಸಿದ, ಜಗಳವಾಡಿದ ಓರಗಿತ್ತಿಯರನ್ನು ಬೇರೆ ಬೇರೆ ಕೋಣೆಯಲ್ಲಿ ಮಲಗಿಸಿದ ಹಾಗೆ. ಲೋಹದ ಹೊದಿಕೆಯಿದ್ದ ವೈರು ತಂದು, ಹೊದಿಕೆಯನ್ನು ಅರ್ಥಿಂಗ್‌ಗೆ ಕಟ್ಟಿದ. ಯಂತ್ರದ ಭ್ರಮೆ ಬಿಟ್ಟಿತು. ಗಂಟೆಗಳು ಮಾತ್ರ ಬಿಡಲಿಲ್ಲ.

ಕೊನೆಗೂ ಕಂಪ್ಯೂಟರಿನಲ್ಲಿ ಅರ್ಧ ವೇಗ ಬರೆದರೆ ಮೋಟರು ಅರ್ಧ ವೇಗದಲ್ಲಿ ಗುಂಯ್‌ಗುಟ್ಟಿತು. ಮುಕ್ಕಾಲು ಬರೆದರೆ ಮುಕ್ಕಾಲು. ತನ್ನ ಮಾತನ್ನು ಯಾರಾದರೂ ಇಷ್ಟು ಚಾಚೂತಪ್ಪದೆ ಕೇಳಿದ್ದು ಅಳಿಯನ ಬದುಕಿನಲ್ಲಿ ಅದೇ ಮೊದಲು. ಅವನ ಕಣ್ಣು ತುಂಬಿ ಬಂತು. ಅದರಲ್ಲಿ ಸ್ವಲ್ಪ ಮರದ ಪುಡಿಯದೂ ಪಾಲಿತ್ತು.

ಗಟ್ಟಿ ತೇಗದ ಹಲಗೆಯನ್ನು ಬಿಗಿದು ಕೆಲಸ ಶುರುಮಾಡಿದ. ಉಳಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಒಂದೊಂದೇ ಅಕ್ಷರ ಮುತ್ತಿನಂತೆ ಎದ್ದು ಬಂತು. ಹೊರಗೆ ಗಂಟೆಗಳು ಬಡಿಯುತ್ತಲೇ ಇದ್ದವು. ಅಳಿಯನ ಕಿವಿಗೆ ಅದು ಬೀಳಲಿಲ್ಲ. 'ಸ್ವಾಗತ'ದ ಕಡೆಯ ಅಕ್ಷರವೂ ಮುಗಿದ ಗಳಿಗೆಯಲ್ಲೇ "ರೀ, ಅಪ್ಪ ಕರೀತಿದಾರೆ, ಜನ ಬರೋಕೆ ಶುರು ಮಾಡಿದ್ರಂತೆ!" ಎಂದು ಹೆಂಡತಿ ಕೂಗಿದಳು. ಅಳಿಯ ಬಾಗಿಲ ಕಡೆ ತಿರುಗಿದ. ಆಗ ಯಂತ್ರ ಏನೋ ಮರೆತವರ ಹಾಗೆ ಮತ್ತೆ ಮೇಲಿನ ಸಾಲಿಗೆ ಹೋಗಿ, ಕೊರೆದ ಅಕ್ಷರದ ಮೇಲೆಯೇ ಉಳಿ ಇಳಿಸಲು ಹೊರಟಿತು. ಲೈನ್‌ಮನ್ ಅಣ್ಣ ಹೌಹಾರಿ ಕೆಂಪು ಗುಂಡಿಗೆ ಗುದ್ದಿದರು. ಯಂತ್ರ ನಿಂತಿತು.

"ಮುಗಿದ ಮೇಲೂ ಕೊರೆಯೋಕೆ ಹೊರಟಿತ್ತಪ್ಪ! ನಾನಿಲ್ದಿದ್ರೆ ಬೋರ್ಡು ಕೆಟ್ಟೇ ಹೋಗ್ತಿತ್ತು" ಎಂದರು.

"ದೊಡ್ಡ ಉಪಕಾರ ಆಯ್ತಣ್ಣ" ಎಂದ ಅಳಿಯ. ಹಲಗೆಗೆ ಗಡಿಬಿಡಿಯಲ್ಲಿ ಎಣ್ಣೆ ಒರೆಸಿ, ಬಟ್ಟೆ ಸುತ್ತಿ, ಕೆಳಗೆ ಓಡಿದ. ಲೈನ್‌ಮನ್ ಅಣ್ಣನೇ ಅದನ್ನು ಮಾವನ ಬಾಗಿಲ ಮೇಲೆ ಮೊಳೆ ಹೊಡೆದು ನಿಲ್ಲಿಸಿ, ಬಟ್ಟೆಯನ್ನು ಹಾಗೇ ಬಿಟ್ಟರು.

ಮಾವ ಇಸ್ತ್ರಿ ಮಾಡಿದ ಕೋಟು ತೊಟ್ಟು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಬೆಂಚುಗಳ ತುಂಬ ಕಟ್ಟಡದ ಮಂದಿ. ಬಟ್ಟೆ ಸರಿಸಲು ಮಾವ ಏಳುವಷ್ಟರಲ್ಲಿ ದೊಡ್ಡಮ್ಮ ಎದ್ದು ನಿಂತರು.

"ಅದಕ್ಕೂ ಮುಂಚೆ ನಂದೊಂದು ಜಗಳ ಇದೆ. ಬಗೆಹರಿಸ್ತೀರಾ?"

ಮಾವನ ಮುಖ ಅರಳಿತು. ಮೊದಲನೆಯ ದಿನವೇ, ಬೋರ್ಡು ತೆರೆಯುವ ಮೊದಲೇ ಜಗಳ! "ಹೇಳಿ ತಾಯಿ. ಯಾರ ಮೇಲೆ?"

"ನಿಮ್ಮ ಅಳಿಯನ ಮೇಲೆ. ಬೆಳಗಿಂದ ಎದ್ದೂ ಕೂತೂ ನನ್ನ ಮೊಣಕಾಲು ಬಿದ್ದುಹೋಯ್ತು."

ಟೈಲರ್ ಎದ್ದ. "ನಂದೂ ಅದೇ ಸ್ವಾಮಿ. ಗಿರಾಕಿ ಬಂದ್ರು ಅಂತ ಪ್ರತಿ ಸಲ ಎದ್ದು ಹೋಗಿ, ಒಂದೇ ಶರ್ಟಿಗೆ ಎರಡು ಎಡಗೈ ಹೊಲಿದಿದೀನಿ."

ಕುರ್ಚಿಯ ಮೇಲೆ ಮಾವ ಇರಲಿಲ್ಲ. ನ್ಯಾಯವೇ ಕೋಟು ತೊಟ್ಟು ಕೂತಿತ್ತು. ಸ್ವಂತ ಅಳಿಯನೆಂದು ಬಿಟ್ಟರೆ ನಾಳೆ ಈ ಬೆಂಚಿನ ಮೇಲೆ ಯಾರು ಕೂರುತ್ತಾರೆ? ಅವರು ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ, ನಿಮ್ಮದೇನಾದ್ರೂ ಹೇಳೋದಿದೆಯಾ?"

"ಅದು... ಬೋರ್ಡಿಗೋಸ್ಕರ ಮಾವ..."

"ಕಾರಣ ಕೇಳಲಿಲ್ಲ. ಗಂಟೆ ಹೊಡೀತೋ ಇಲ್ವೋ?"

"ಹೊಡೀತು."

"ಹಾಗಾದ್ರೆ ಕೇಳಿ. ಈ ಗಳಿಗೆಯಿಂದ ಆ ಯಂತ್ರ ಈ ಕಟ್ಟಡದಲ್ಲಿ ತಿರುಗಬಾರದು. ಇದೇ ನನ್ನ ತೀರ್ಪು. ಇದಕ್ಕೆ ಬದಲಿಲ್ಲ."

ಬೆಂಚುಗಳು ಚಪ್ಪಾಳೆ ತಟ್ಟಿದವು. ಲೈನ್‌ಮನ್ ಅಣ್ಣ ಆಗಲೇ ಓಡಿಹೋಗಿ ಹಿಂಗೋಣೆಯ ಫ್ಯೂಸು ಕಿತ್ತು ತಂದು ಜೇಬಿಗೆ ಹಾಕಿಕೊಂಡಿದ್ದರು. ಬೆಳಗಿನಿಂದ ಯಂತ್ರ ಓಡಿಸಲು ತೋರಿದ ಉತ್ಸಾಹಕ್ಕಿಂತ ನಿಲ್ಲಿಸಲು ತೋರಿದ ಉತ್ಸಾಹ ಒಂದು ಕೈ ಮೇಲೇ ಇತ್ತು.

ಜನ್ಮ ಸಾರ್ಥಕವಾದ ಮುಖದಲ್ಲಿ ಮಾವ ಹೊರಗೆ ಬಂದು ಬಟ್ಟೆ ಎಳೆದರು. ಎಲ್ಲರೂ ತಲೆ ಎತ್ತಿದರು. ಟೈಲರ್ ಮೆಲ್ಲಗೆ, ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಮ... ದ್ಯ... ಸ್ಥರು. ಸಂಜೆಯ ಮೇಲೆ ಸಿಗುತ್ತಾರೆ. ಎಲ್ಲರಿಗೂ ಸ್ವಾಗತ."

ಅಳಿಯ ಹಣೆ ಚಚ್ಚಿಕೊಂಡ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗೀಟು ಗೀಟಾಗಿ ಬಿಡಿಸುವಾಗ ಅವನು 'ಧ'ದ ಹೊಟ್ಟೆ ಸೀಳುವುದನ್ನು ಮರೆತಿದ್ದ. ಆಮೇಲೆ ನೆನಪಾಗಿ ಆ ಒಂದು ಗೀಟನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿದ್ದ. ಯಂತ್ರ ತಿರುಗಿ ಮೇಲಿನ ಸಾಲಿಗೆ ಹೋದದ್ದು ಆ ಗೀಟಿಗಾಗಿಯೇ.

"ಅಳಿಯಂದ್ರೇ," ಎಂದರು ಮಾವ. ಅವರು ಹುಟ್ಟಿದಾರಭ್ಯ ಹೆಂಡದಂಗಡಿಯಿದ್ದ ಬೀದಿಯಲ್ಲಿ ನಡೆದವರಲ್ಲ. "ನನ್ನನ್ನ ಏನಂತ ಮಾಡಿಟ್ರಿ?"

"ಒಂದೇ ಗೀಟು ಮಾವ! ಒಂದು ನಿಮಿಷ ಯಂತ್ರ ಓಡಿಸೋಕೆ ಬಿಡಿ, ಸರಿ ಮಾಡಿಬಿಡ್ತೀನಿ."

ಮಾವನ ಬಾಯಿ ತೆರೆಯಿತು. ಅಷ್ಟರಲ್ಲಿ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಕಂಡು ಮುಚ್ಚಿತು.

"ತೀರ್ಪು ತೀರ್ಪೇ" ಎಂದರು, ನುಂಗಲಾರದ್ದನ್ನು ನುಂಗಿದವರಂತೆ.

ಹೆಂಡತಿ ಸ್ಕೆಚ್ ಪೆನ್ನು ತಂದು ಗೀಟೆಳೆದು ನೋಡಿದಳು. ಎಣ್ಣೆ ಕುಡಿದ ಮರದ ಮೇಲೆ ಶಾಯಿ ನಿಲ್ಲದೆ ಜಾರಿತು. ಬೋರ್ಡು ಇಳಿಸೋಣವೆಂದರೆ ಲೈನ್‌ಮನ್ ಅಣ್ಣ ಹೊಡೆದ ಮೊಳೆಗಳು ವಿದ್ಯುತ್ ಕಂಬಕ್ಕೆ ಹೊಡೆಯುವಂಥವು. ಜಗ್ಗಿದರೆ ಗೋಡೆಯೇ ಬರುವ ಹಾಗಿತ್ತು.

ಮಾವ ಅಂದಿನ ಎರಡನೆಯ ತೀರ್ಪು ಕೊಟ್ಟರು. ಬೋರ್ಡು ಸರಿಯಾಗುವ ತನಕ ಅಳಿಯ ಪ್ರತಿ ಸಂಜೆ ಅದರ ಕೆಳಗೆ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆಲ್ಲ 'ಅದು ಹೊಟ್ಟೆ ಸೀಳಿದ ಧ' ಎಂದು ತಿಳಿಸಿ ಹೇಳಬೇಕು.

ಕತ್ತಲಾಗುವ ಹೊತ್ತಿಗೆ ಎಲ್ಲರೂ ಹೋದರು. ತಲೆತುಂಬ ಮರದ ಪುಡಿ, ಕೆಂಪೇರಿದ ಕಣ್ಣು, ಎಣ್ಣೆ ಮೆತ್ತಿದ ಶರ್ಟು, ಬೆಳಗಿನಿಂದ ಹೊಟ್ಟೆಗಿಲ್ಲದೆ ತೂಗುವ ತಲೆ. ಅಳಿಯ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದ. ಬೀದಿಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ನಿಂತು ಹೊಸ ಬೋರ್ಡು ಓದಿದ. ಓದಿ, ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಆತ್ಮೀಯವಾಗಿ ಪಕ್ಕದ ಮೆಟ್ಟಿಲ ಮೇಲೆ ಕೂತ.

"ಅದು ಹೊಟ್ಟೆ ಸೀಳಿದ..." ಎಂದು ಅಳಿಯ ಕಷ್ಟಪಟ್ಟು ಬಾಯಿ ತೆರೆದ.

"ಗೊತ್ತಾಗುತ್ತೆ ಸ್ವಾಮಿ, ನೋಡಿದ್ರೇ ಗೊತ್ತಾಗುತ್ತೆ" ಎಂದು ಆತ ಅಳಿಯನ ಬೆನ್ನು ಸವರಿದ. "ಶುರುವಾದ ದಿನವೇ ನಿಮ್ಮನ್ನ ಹೊರಗೆ ಹಾಕಿಬಿಟ್ರಲ್ಲಾ! ಮಾಲು ಅಷ್ಟು ಸ್ಟ್ರಾಂಗಾ?"